ಹೋಟೆಲಿನಿಂದ ಮನೆಗೆ ಬಂದ ಗೆರಟೆಗಳು

ದಿನವೂ ಮತ್ತೆ ಮತ್ತೆ ನನ್ನ ಬಾಯಿಂದ ಬರುವ ಮಾತು ಒಂದೇ: “ಹೊರಗೆ ಹೋಗಿ ಸೇದಿ.”

ಪಣಂಬೂರಿನಲ್ಲಿ ಹೆದ್ದಾರಿ ಬದಿಗೆ ನಮ್ಮದೊಂದು ಮೀನೂಟದ ಹೋಟೆಲು. ಬಂದರಿಗೆ ಬರುವ ಲಾರಿಗಳ ಡ್ರೈವರುಗಳೇ ನಮ್ಮ ಮುಖ್ಯ ಗಿರಾಕಿಗಳು. ಎಲ್ಲೆಲ್ಲಿಂದಲೋ ರಾತ್ರಿಯಿಡೀ ಗಾಡಿ ಓಡಿಸಿ ಬಂದವರು, ಬಂಗುಡೆಯ ಸಾರಿನಲ್ಲಿ ಗಂಟಲಮಟ್ಟ ಉಂಡವರು, ಕೈ ತೊಳೆದದ್ದೇ ಕಿಸೆಗೆ ಕೈ ಹಾಕುತ್ತಾರೆ. ನಾನು ಕ್ಯಾಶಿನಲ್ಲಿ ಕೂತಲ್ಲಿಂದಲೇ ಹೇಳುತ್ತೇನೆ. ಹೆಚ್ಚಿನವರು “ಸಾರಿ ಅಕ್ಕ” ಎಂದು ಎದ್ದು ಹೋಗುತ್ತಾರೆ. ಕೆಲವರು ನನ್ನ ಮುಖವನ್ನೂ ನನ್ನ ತಲೆಯ ಮೇಲೆ ನೇತಾಡುವ ಧೂಮಪಾನ ನಿಷೇಧದ ಬೋರ್ಡನ್ನೂ ನೋಡಿ, ಎರಡರಲ್ಲಿ ಯಾವುದು ಹೆಚ್ಚು ಗಡುಸು ಎಂದು ಲೆಕ್ಕ ಹಾಕಿ, ಆಮೇಲೆ ಎದ್ದು ಹೋಗುತ್ತಾರೆ. ಒಟ್ಟಿನಲ್ಲಿ ಹೋಗುತ್ತಾರೆ. ಈ ವಿಷಯದಲ್ಲಿ ನನಗೆ ಒಳ್ಳೆಯ ಹೆಸರಿಲ್ಲ, ಬೇಕೆಂದೂ ಇಲ್ಲ.

ಮೊನ್ನೆ ಘಟ್ಟದ ಮೇಲಿನ ಡ್ರೈವರೊಬ್ಬ ಬಾಗಿಲ ತನಕ ಹೋದವನು ತಿರುಗಿ ನಿಂತು ಕೇಳಿದ, “ಯಾಕಕ್ಕಾ, ನಿಮ್ಮನೇಲಿ ಯಾರೂ ಸೇದಲ್ವಾ?”

ತಮಾಷೆಗೆ ಕೇಳಿದ್ದು. ನಾನು ಚಿಲ್ಲರೆ ಎಣಿಸುವವಳ ಹಾಗೆ ಡ್ರಾವರಿಗೆ ಮುಖ ಹಾಕಿದೆ. ಅವನು ಹೊರಗೆ ಹೋಗಿ ಲಾರಿಯ ಟಯರಿಗೆ ಒರಗಿ ನಿಂತು ಸೇದಿದ.

ಅವನಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾನೂನು ಬರುವ ಮೊದಲು ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನದ ಹೊತ್ತು ಒಳಗೆ ಬಂದರೆ ಮೊದಲು ಹೊಗೆ ಕಾಣುತ್ತಿತ್ತು, ಆಮೇಲೆ ಜನ. ಗೋಡೆಗೆ ಬಳಿದ ಬಿಳಿ ಸುಣ್ಣ ಮಳೆಗಾಲ ಮುಗಿಯುವುದರೊಳಗೆ ಹಳದಿಯಾಗುತ್ತಿತ್ತು. ಅಪ್ಪ ಕ್ಯಾಶಿನಲ್ಲಿ ಕೂತು ಒಂದು ಸಿಗರೇಟಿನ ತುದಿಯಿಂದ ಇನ್ನೊಂದನ್ನು ಹೊತ್ತಿಸುತ್ತಿದ್ದರು. ಚಿಲ್ಲರೆ ಕೊಡುವಾಗ ತುಟಿಯಲ್ಲಿ, ಅಡುಗೆಯವರನ್ನು ಬೈಯುವಾಗ ಬೆರಳಲ್ಲಿ, ದೇವರ ಫೋಟೋಕ್ಕೆ ಊದುಬತ್ತಿ ಹಚ್ಚುವಾಗ ಮಾತ್ರ ಕೆಳಗೆ. ಅಷ್ಟು ಭಯಭಕ್ತಿ ಇತ್ತು.

ಬೂದಿ ಕೊಡಹಲಿಕ್ಕೆ ಪ್ರತಿ ಮೇಜಿನ ಮೇಲೂ ಒಂದೊಂದು ಗೆರಟೆ. ಮೊದಲು ಸ್ಟೀಲಿನ ಬಟ್ಟಲುಗಳಿದ್ದವಂತೆ, ಒಂದೊಂದಾಗಿ ಲಾರಿ ಹತ್ತಿ ಊರು ಬಿಟ್ಟವು. ಆಮೇಲೆ ಅಪ್ಪ ಅಡುಗೆಮನೆಯಲ್ಲಿ ಬೀಳುವ ತೆಂಗಿನಕಾಯಿ ಗೆರಟೆಗಳನ್ನೇ ಆರಿಸತೊಡಗಿದರು. ಕಣ್ಣಿಲ್ಲದ ಕಡೆಯ ಹೋಳೇ ಆಗಬೇಕು. ನಾರು ಕೆರೆದು, ಗಾಜಿನ ಚೂರಿನಿಂದ ಉಜ್ಜಿ, ಎಣ್ಣೆ ಹಚ್ಚಿ ಕರಿದಾಗಿ ಹೊಳೆಯುವಂತೆ ಮಾಡಿ, ಬೀಚಿನಿಂದ ತಂದ ಮರಳನ್ನು ತುಂಬಿ ಇಡುತ್ತಿದ್ದರು. ಗಿರಾಕಿಗಳಿಲ್ಲದ ಸಂಜೆಗಳಲ್ಲಿ ಅವರು ಗೆರಟೆ ಉಜ್ಜುತ್ತಾ ಕೂತದ್ದು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಕೈಯಾರೆ ಮಾಡಿದ ವಸ್ತು ಎಂದು ನಮ್ಮಲ್ಲಿ ಏನಾದರೂ ಇದ್ದರೆ ಅದು ಅವೇ.

ನಿಷೇಧ ಜಾರಿಯಾದದ್ದು ಒಂದು ಗಾಂಧಿ ಜಯಂತಿಯ ದಿನ. ನಾನಾಗ ಕಾಲೇಜಿನಲ್ಲಿದ್ದೆ. ಅಪ್ಪ ಪೇಪರು ಓದಿ, “ಗಾಂಧಿ ಜಯಂತಿಗೆ ಬಾರೂ ಬಂದ್, ಬೀಡಿಯೂ ಬಂದ್. ಇನ್ನು ಮನುಷ್ಯ ಉಪ್ಪು ನೆಕ್ಕಿಕೊಂಡು ಕೂರುದಾ ಮಾರಾಯ್ರೆ?” ಎಂದು ಕೇಳಿ ಇಡೀ ಹೋಟೆಲನ್ನು ನಗಿಸಿದರು. ಹೀಗೆ ನಗಿಸಿದವರು ಕಾನೂನನ್ನು ಗಾಳಿಗೆ ತೂರುತ್ತಾರೆಂದು ನಾವೆಲ್ಲ ತಿಳಿದಿದ್ದೆವು. ಆದರೆ ಅಪ್ಪನಿಗೆ ಒಂದು ವಿಚಿತ್ರ ಹೆಮ್ಮೆಯಿತ್ತು. ಯಾರೋ ಅಧಿಕಾರಿ ಒಳಗೆ ಬಂದು ತನ್ನ ಗಿರಾಕಿಗಳ ಎದುರು ತನಗೆ ಗದರುವುದು ಅವರಿಗೆ ಸಾವಿಗೆ ಸಮ. ಆ ವಾರವೇ ಬೋರ್ಡು ಬರೆಸಿ ತಂದು ಕ್ಯಾಶಿನ ಮೇಲೆ ತಾವೇ ಮೊಳೆ ಹೊಡೆದರು. ರಸ್ತೆಯ ಆ ಭಾಗದಲ್ಲಿ ಮೊದಲ ಬೋರ್ಡು ನಮ್ಮದೇ. ಅಂದಿನಿಂದ ಸಾಯುವ ತನಕ ಅಪ್ಪ ಹೋಟೆಲಿನೊಳಗೆ ಒಂದು ಸಿಗರೇಟನ್ನೂ ಸೇದಲಿಲ್ಲ. ಹೊರಗೆ ನಿಂತೂ ಸೇದಲಿಲ್ಲ. ಧಣಿ ಡ್ರೈವರುಗಳ ಸಾಲಿನಲ್ಲಿ ನಿಂತು ಸೇದಿದರೆ ನಾಳೆ ಯಾರು ಮರ್ಯಾದೆ ಕೊಡುತ್ತಾರೆ ಎಂಬುದು ಅವರ ವಾದ.

ಹೋಟೆಲಿಗೆ ಒಳ್ಳೆಯದೇ ಆಯಿತು, ಅದನ್ನು ಒಪ್ಪಬೇಕು. ಗೋಡೆ ಬಿಳಿಯಾಗಿಯೇ ಉಳಿಯಿತು. ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವವರು ಶುರುವಾದರು. ಅಡುಗೆಮನೆಯ ಒಗ್ಗರಣೆಯ ಪರಿಮಳ ಹೊರಗಿನ ಮೇಜಿನವರೆಗೂ ಬರುತ್ತದೆ ಎಂಬುದು ನನಗೆ ಗೊತ್ತಾದದ್ದೇ ಆಮೇಲೆ. ಅಪ್ಪ ಬಂದವರಿಗೆಲ್ಲ ಬೋರ್ಡು ತೋರಿಸಿ, “ನಮ್ಮಲ್ಲಿ ಸ್ಟ್ರಿಕ್ಟ್” ಎಂದು ಹೇಳುತ್ತಿದ್ದರು.

ಗೆರಟೆಗಳನ್ನು ಮಾತ್ರ ಅವರಿಗೆ ಬಿಸಾಡಲು ಮನಸ್ಸಾಗಲಿಲ್ಲ. ಮರಳು ಚೆಲ್ಲಿ, ತೊಳೆದು, ಅಕ್ಕಿಯ ಗೋಣಿಯಲ್ಲಿ ತುಂಬಿ ಮನೆಗೆ ತಂದರು. ನಮ್ಮ ಮನೆ ಹೋಟೆಲಿನ ಹಿಂದಿನ ಓಣಿಯಲ್ಲಿ. ಒಂದು ಸಿಟೌಟ್, ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಕೋಣೆ, ಅಷ್ಟೇ. ಗೋಣಿ ಕೆಲವು ದಿನ ಮಂಚದ ಕೆಳಗಿತ್ತು. ಆಮೇಲೆ ಒಂದು ಗೆರಟೆ ಹಾಲಿನ ಕಿಟಕಿ ಬಳಿ ಅಪ್ಪನ ಕುರ್ಚಿಯ ಕೈ ಮೇಲೆ ಬಂದು ಕೂತಿತು. ಇನ್ನೊಂದು ಮಂಚದ ತಲೆದೆಸೆಯಲ್ಲಿ. ಇನ್ನೊಂದು ಟಿವಿ ಪಕ್ಕ. ಬಾತ್‌ರೂಮಿನ ಗೂಡಿನಲ್ಲಿ ಸೋಪಿನ ಬಾಕ್ಸಿನ ಪಕ್ಕ ಕೂಡ ಒಂದು. ಹೋಟೆಲಿನಿಂದ ಹೊರಗೆ ಹೋದ ಹೊಗೆಗೆ ಹೋಗಲಿಕ್ಕೆ ಒಂದು ಜಾಗ ಬೇಕಿತ್ತು. ಅದು ನೇರವಾಗಿ ನಮ್ಮ ಮನೆಗೆ ಬಂತು.

ಮೊದಲು ಅಪ್ಪ ಮನೆಯಲ್ಲಿ ಸೇದುತ್ತಿದ್ದದ್ದು ಬೆಳಿಗ್ಗೆ ಒಂದು, ಮಲಗುವ ಮೊದಲು ಒಂದು. ಈಗ ಹೋಟೆಲಿನಲ್ಲಿ ಇಡೀ ದಿನ ತಡೆದದ್ದನ್ನೆಲ್ಲ ಮನೆಯಲ್ಲಿ ತೀರಿಸಿಕೊಳ್ಳತೊಡಗಿದರು. ಮಧ್ಯಾಹ್ನ ಊಟದ ಗಲಾಟೆ ಮುಗಿದ ಕೂಡಲೇ ಮನೆಗೆ ಓಡಿ ಬಂದು ಕುರ್ಚಿಯಲ್ಲಿ ಕೂತರೆ ಸಾಯಂಕಾಲ ಚಾದ ಹೊತ್ತಿನ ತನಕ ಏಳುತ್ತಿರಲಿಲ್ಲ. ಹೆದ್ದಾರಿಯ ಧೂಳು ಬರುತ್ತದೆಂದು ಅಮ್ಮ ಕಿಟಕಿಗಳನ್ನು ಯಾವಾಗಲೂ ಮುಚ್ಚಿಯೇ ಇಡುತ್ತಿದ್ದಳು. ಆ ಮುಚ್ಚಿದ ಹಾಲಿನಲ್ಲಿ ಅಪ್ಪನ ಕುರ್ಚಿಯ ಪಕ್ಕದಲ್ಲೇ ಚಾಪೆ ಹಾಕಿ ಕೂತು ಬಸಳೆ ಸೋಸುತ್ತಿದ್ದಳು, ಮೀನಿನ ದರದ ಸುದ್ದಿ ಕೇಳುತ್ತಿದ್ದಳು, ಧಾರಾವಾಹಿ ನೋಡುತ್ತಿದ್ದಳು. ಗೆರಟೆ ತುಂಬಿದರೆ ಎದ್ದು ಹೋಗಿ ಹೊಸ ಮರಳು ಹಾಕಿ ತಂದಿಡುತ್ತಿದ್ದಳು.

“ನಿನಗೆ ಉಸಿರು ಕಟ್ಟುದಿಲ್ವಾ ಅಮ್ಮ?” ಎಂದು ನಾನು ರೇಗಿದರೆ ನಗುತ್ತಿದ್ದಳು. “ನಾನು ಹೊಗೆಸೊಪ್ಪಿನ ವಾಸನೆಯಲ್ಲೇ ಬೆಳೆದವಳು ಮಗಾ. ಅದು ಇಲ್ಲದಿದ್ರೆ ನನಗೆ ನಿದ್ದೆ ಬರುದಿಲ್ಲ.”

ಮಾತು ಸುಳ್ಳಲ್ಲ. ಉಳ್ಳಾಲದ ಅವಳ ತವರಿನಲ್ಲಿ ಹೆಂಗಸರೆಲ್ಲ ಬೀಡಿ ಕಟ್ಟುವವರು. ಮದುವೆಯಾಗುವ ತನಕ ಅವಳೂ ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ನೂಲು ಸುತ್ತಿ ಬೀಡಿ ಕಟ್ಟಿದವಳೇ. ಈಗಲೂ ಸುಮ್ಮನೆ ಕೂತಾಗ ಅವಳ ಹೆಬ್ಬೆರಳೂ ತೋರುಬೆರಳೂ ಏನನ್ನೋ ಸುರುಳಿ ಸುತ್ತುತ್ತಲೇ ಇರುತ್ತವೆ.

ಒಂದು ಮಳೆಗಾಲದಲ್ಲಿ ನಾನು ಅಪ್ಪನ ಹತ್ತಿರ ಜಗಳಕ್ಕೇ ನಿಂತೆ. ಆ ಹೊತ್ತಿಗೆ ನಾನೂ ಹೋಟೆಲಿನ ಕ್ಯಾಶಿನಲ್ಲಿ ಕೂರತೊಡಗಿದ್ದೆ, ‘ಹೊರಗೆ ಹೋಗಿ ಸೇದಿ’ ಎಂಬುದು ಬಾಯಿಗೆ ರೂಢಿಯಾಗಿತ್ತು. ಅದನ್ನೇ ಅಪ್ಪನಿಗೂ ಹೇಳಿದೆ. “ಹೋಟೆಲಿಗೆ ಒಂದು ಕಾನೂನು, ಅಮ್ಮನಿಗೆ ಒಂದು ಕಾನೂನಾ ಅಪ್ಪಾ? ನೀವು ಸಿಟೌಟಿಗೆ ಹೋಗಿ ಸೇದಿ.”

ಅಪ್ಪ ಬೈಯಲಿಲ್ಲ. ಗೆರಟೆ ಎತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲಲ್ಲಿ ಕೂತರು. ಗಾಳಿಗೆ ಇರಚಲು ಹೊಡೆದು ಅವರ ಬೆನ್ನು ಒದ್ದೆಯಾಗುತ್ತಿತ್ತು. ನನಗೆ ಸಂಕಟವಾಯಿತು, ಆದರೂ ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅಡುಗೆಕೋಣೆಯಿಂದ ಬಂದ ಅಮ್ಮ ಇದನ್ನು ನೋಡಿ ನನ್ನ ಮೇಲೆ ಹರಿಹಾಯ್ದಳು.

“ಮನೆಯ ಯಜಮಾನ ಮೆಟ್ಟಿಲಲ್ಲಿ ಕೂರುದಾ? ಓಣಿಯವರು ನೋಡಿದ್ರೆ ಎಂತ ಹೇಳಿಯಾರು? ನಾನು ಸತ್ತಿದ್ದೇನಾ ಇಲ್ಲಿ?”

ಕೊಡೆಯನ್ನೂ ಹಿಡಿಯದೆ ಹೋಗಿ ಅಪ್ಪನ ಕೈಯಿಂದ ಗೆರಟೆ ತೆಗೆದುಕೊಂಡಳು. “ಒಳಗೆ ಬನ್ನಿ ನೀವು. ಅವಳಿಗೆ ಹೋಟೆಲಿನ ಅಮಲು ಏರಿದೆ.” ಅಪ್ಪ ಒಳಗೆ ಬಂದು ಮತ್ತೆ ಕುರ್ಚಿಯಲ್ಲಿ ಕೂತರು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು ಕೂಡ. ನಮ್ಮ ಮನೆಯಲ್ಲಿ ಆ ಮಾತು ಅಲ್ಲಿಗೆ ಮುಗಿಯಿತು.

ಅಮ್ಮನ ಕೆಮ್ಮು ಯಾವಾಗ ಶುರುವಾಯಿತೆಂದು ನನಗೆ ಸರಿಯಾಗಿ ಹೇಳಲಿಕ್ಕಾಗುವುದಿಲ್ಲ. ಹೆಂಗಸರ ಕೆಮ್ಮನ್ನು ಮನೆಯಲ್ಲಿ ಯಾರು ಕಿವಿಗೊಟ್ಟು ಕೇಳುತ್ತಾರೆ? ಮೊದಲು ಒಗ್ಗರಣೆಯ ಘಾಟು ಎಂದೆವು, ಆಮೇಲೆ ಮಳೆಗಾಲದ ಶೀತ ಎಂದೆವು, ಆಮೇಲೆ ವಯಸ್ಸು ಎಂದೆವು. ತೊಕ್ಕೊಟ್ಟಿನ ಸಂತೆಯಿಂದ ಎರಡು ಕೈಯಲ್ಲೂ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದವಳು ಬಟ್ಟೆ ಒಣಹಾಕಲು ಟೆರೇಸು ಹತ್ತುವಾಗ ನಡುವೆ ನಿಲ್ಲತೊಡಗಿದಳು. ನಿಂತದ್ದಕ್ಕೆ ಏನಾದರೂ ನೆಪ ಹೇಳುತ್ತಿದ್ದಳು. ಪಕ್ಕದ ಮನೆಯ ನುಗ್ಗೆ ಹೂ ಬಿಟ್ಟಿದೆ, ನೋಡುತ್ತಿದ್ದೆ ಎನ್ನುತ್ತಿದ್ದಳು. ಹೂವಿಲ್ಲದ ದಿನಗಳಲ್ಲೂ ನೋಡುತ್ತಿದ್ದಳು.

ಕೊನೆಗೆ ಒಂದು ದಿನ ಮೀನು ತೊಳೆಯುತ್ತಾ ಕೂತಲ್ಲೇ ಉಸಿರು ಸಿಗದೆ ಗೋಡೆಗೆ ಒರಗಿದಳು. ಅಪ್ಪ, ನಾನು ಇಬ್ಬರೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಶ್ವಾಸಕೋಶದ ಡಾಕ್ಟರು ಸಮಾಧಾನದ ಮನುಷ್ಯ. ಅಮ್ಮನ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಆಮೇಲೆ ಕೇಳಿದರು, “ನೀವು ಸ್ಮೋಕ್ ಮಾಡುದುಂಟಾ ಅಮ್ಮ?”

ಅಮ್ಮನಿಗೆ ಅಂಥ ಉಬ್ಬಸದಲ್ಲೂ ನಗು ಬಂತು. “ಅಯ್ಯೋ, ಇಲ್ಲಪ್ಪ.”

“ಮನೆಯಲ್ಲಿ ಯಾರಾದ್ರೂ?”

ಅಪ್ಪ ಅವಳ ಪಕ್ಕದ ಸ್ಟೂಲಿನಲ್ಲೇ ಕೂತಿದ್ದರು. ಅವರ ತೆಳು ಬಿಳಿ ಅಂಗಿಯ ಕಿಸೆಯಲ್ಲಿ ಸಿಗರೇಟಿನ ಪ್ಯಾಕು ಎದ್ದು ಕಾಣುತ್ತಿತ್ತು. ಹಳದಿ ಕಲೆಯ ಅವರ ಬೆರಳು ಮೇಜಿನ ಮೇಲೆಯೇ ಇತ್ತು. ವಾಸನೆಯಂತೂ ನಾವು ಬಾಗಿಲು ದಾಟುವ ಮೊದಲೇ ಡಾಕ್ಟರಿಗೆ ಸಿಕ್ಕಿರಬೇಕು. ಅಮ್ಮ ಡಾಕ್ಟರ ಮುಖ ನೋಡಿ ಸ್ಪಷ್ಟವಾಗಿ ಹೇಳಿದಳು, “ಇಲ್ಲ. ನಮ್ಮ ಮನೆಯಲ್ಲಿ ಯಾರೂ ಇಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಬಾಯಿ ತೆರೆದೆ. ಅಮ್ಮ ಮೇಜಿನ ಕೆಳಗೆ ನನ್ನ ತೊಡೆಯನ್ನು ಎಷ್ಟು ಬಲವಾಗಿ ಒತ್ತಿದಳೆಂದರೆ ಅಷ್ಟು ಶಕ್ತಿ ಅವಳಲ್ಲಿ ಉಳಿದಿದೆಯೆಂದೇ ನನಗೆ ಗೊತ್ತಿರಲಿಲ್ಲ. ಮತ್ತೆ ಅವಳೇ ಹೇಳಿದಳು, “ನಾನು ಸಣ್ಣದಿರುವಾಗ ಬೀಡಿ ಕಟ್ಟುತ್ತಿದ್ದೆ ಡಾಕ್ಟ್ರೇ. ಆ ಹುಡಿ ಒಳಗೆ ಹೋಗಿರಬಹುದು.”

“ಅದೂ ಇರಬಹುದು,” ಎಂದರು ಡಾಕ್ಟರು. ಹೇಳುವಾಗ ಅಪ್ಪನ ಕಿಸೆಯನ್ನು ನೋಡುತ್ತಿದ್ದರು. “ಕಾರಣ ಒಂದೇ ಇರ್ಬೇಕು ಅಂತಿಲ್ಲ. ಹೋದದ್ದು ವಾಪಸು ಬರುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬೇಕಾದ್ರೆ ಇವರು ಇನ್ನು ಒಂದು ಚೂರೂ ಹೊಗೆ ಕುಡಿಯಬಾರದು.”

ಅವತ್ತೇ ಅಪ್ಪನ ಎಕ್ಸ್‌ರೇಯನ್ನೂ ತೆಗೆಸಿದರು. ಅಪ್ಪನದು ಶುಭ್ರ. ಅಮ್ಮನ ಫಿಲ್ಮನ್ನು ದೀಪಕ್ಕೆ ಹಿಡಿದು ತೋರಿಸುವಾಗ ನನಗೆ ಏನೂ ಅರ್ಥವಾಗಲಿಲ್ಲ, ಡಾಕ್ಟರ ಮುಖ ಮಾತ್ರ ಅರ್ಥವಾಯಿತು. ಅಪ್ಪ ಮನೆಗೆ ಬರುವಾಗ ರಿಕ್ಷಾದಲ್ಲೇ ಶುರು ಮಾಡಿದರು. “ನೋಡಿದ್ಯಾ? ಸೇದುದು ನಾನು. ನನಗೆ ಎಂತದೂ ಇಲ್ಲ. ಮತ್ತೆ ಅವಳಿಗೆ ನನ್ನಿಂದ ಆದದ್ದು ಹೇಗೆ? ಅದು ಉಳ್ಳಾಲದ ಬೀಡಿ ಹುಡಿ. ಅವಳೇ ಹೇಳಿದಳಲ್ಲ.”

ಅಮ್ಮ ಹೌದೆಂದು ತಲೆಯಾಡಿಸಿದಳು. ಅಪ್ಪನನ್ನು ಬಚಾವು ಮಾಡಲು ಅವಳು ಎಸೆದ ಒಂದು ಹಗ್ಗ ಅದು, ಅಪ್ಪ ಅದನ್ನು ಬಿಡಲೇ ಇಲ್ಲ. ನೆಂಟರು ವಿಚಾರಿಸಲು ಬಂದಾಗಲೆಲ್ಲ ಬೀಡಿ ಹುಡಿಯ ಕತೆ. ಮೀನು ತರುವವನಿಗೂ ಅದೇ ಕತೆ. ಕೇಳಿ ಕೇಳಿ ನನ್ನ ಮೈ ಉರಿಯುತ್ತಿತ್ತು. ಎಷ್ಟೋ ವರ್ಷಗಳ ಹಿಂದೆ ಹೊಟ್ಟೆಪಾಡಿಗೆ ಬೀಡಿ ಕಟ್ಟಿದ ಹುಡುಗಿಯ ಮೇಲೆ ತಪ್ಪು ಹೊರಿಸಿ ಇಬ್ಬರೂ ನೆಮ್ಮದಿಯಾಗಿದ್ದರು.

ಆಮ್ಲಜನಕದ ಯಂತ್ರ ಮನೆಗೆ ಬಂದ ಮೇಲೆ ಹಾಲ್ ಆಸ್ಪತ್ರೆಯಾಯಿತು. ಬಾತ್‌ರೂಮಿಗೆ ಹತ್ತಿರವೆಂದು ಅಮ್ಮನ ಮಂಚವನ್ನು ಹಾಲಿಗೆ ತಂದೆವು. ಮಂಚದ ಪಕ್ಕ ಯಂತ್ರ. ಅದು ಗಾಳಿಯಿಂದಲೇ ಆಮ್ಲಜನಕ ಹೆಕ್ಕಿ ಕೊಳವೆಯಲ್ಲಿ ಅವಳ ಮೂಗಿಗೆ ಬಿಡುತ್ತದೆ. ಸ್ನಾನಕ್ಕೆ, ಊಟಕ್ಕೆ ಸ್ವಲ್ಪ ಹೊತ್ತು ತೆಗೆದರೆ ತೊಂದರೆಯಿಲ್ಲ, ಉಳಿದ ಹೊತ್ತೆಲ್ಲ ಬೇಕು. ಅದರ ಹತ್ತಿರ ಬೆಂಕಿ ಮಾತ್ರ ಬರಲೇಬಾರದು ಎಂದು ಯಂತ್ರ ತಂದವನು ಬೆರಳೆತ್ತಿ ಹೇಳಿ ಹೋದ. ಡಾಕ್ಟರಿಗೂ ಮಗಳಿಗೂ ಮಣಿಯದ ಅಪ್ಪ ಈ ಯಂತ್ರಕ್ಕೆ ಮಣಿದರು. ಕುರ್ಚಿಯ ಕೈ ಮೇಲಿನ ಗೆರಟೆ ಹೋಯಿತು. ಬಾತ್‌ರೂಮಿನದು ಉಳಿಯಿತು. ಬಾಗಿಲು ಹಾಕಿ, ನಳ್ಳಿ ಬಿಟ್ಟು ಒಳಗೆ ಸೇದುತ್ತಿದ್ದರು. ಬಾಗಿಲ ಕೆಳಗಿನ ಸಂದಿನಿಂದ ಹೊಗೆ ಹಾಲಿಗೆ ಬಂದರೆ ಅಮ್ಮ ನನ್ನ ಮುಖ ನೋಡದೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ನಾನು ಬಾಗಿಲಿಗೆ ಗುದ್ದುತ್ತಿದ್ದೆ. ಒಳಗಿನಿಂದ ಅಪ್ಪ ನಳ್ಳಿ ಇನ್ನಷ್ಟು ಜೋರಾಗಿ ಬಿಡುತ್ತಿದ್ದರು.

ಒಂದು ಸಂಜೆ ಹೋಟೆಲು ಮುಚ್ಚುವಾಗ ಅಪ್ಪ ಇದ್ದಕ್ಕಿದ್ದಂತೆ ಹೇಳಿದರು, “ನನಗೆ ಮನೆಗೆ ಹೋಗ್ಲಿಕ್ಕೇ ಮನಸ್ಸಾಗುದಿಲ್ಲ ಮಗಾ. ಆ ಮೆಶಿನು ಬುರುಬುರು ಅಂತ ಉಂಟಲ್ಲ, ಅದು ನನಗೆ ಬೈದ ಹಾಗೆ ಆಗ್ತದೆ. ಇಡೀ ರಾತ್ರಿ ಬೈತದೆ.” ಬೀಡಿ ಹುಡಿಯ ಕತೆಯನ್ನು ಅವರು ತಾವೂ ನಂಬಿರಲಿಲ್ಲವೆಂದು ನನಗೆ ಗೊತ್ತಾದದ್ದು ಆವಾಗ. ಅವರನ್ನು ಕಂಡು ನನಗೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ಪಾಪ ಎನಿಸಿತು. ಹೆಗಲ ಮೇಲೆ ಕೈ ಇಡೋಣವೆಂದರೆ ನಮ್ಮ ಮನೆಯಲ್ಲಿ ಅದು ಅಭ್ಯಾಸವಿಲ್ಲ. ಶಟರು ಎಳೆದು ಬೀಗ ಹಾಕಿದೆ.

ಅಪ್ಪ ಹೋದ ವರ್ಷ ತೀರಿಕೊಂಡರು. ಶ್ವಾಸಕೋಶದಿಂದಲ್ಲ, ಹೃದಯದಿಂದ. ಕ್ಯಾಶಿನಲ್ಲಿ ಕೂತು ಗಿರಾಕಿಗೆ ಚಿಲ್ಲರೆ ಕೊಡಲೆಂದು ಕೈ ಚಾಚಿದವರು ಹಾಗೇ ಮೇಜಿನ ಮೇಲೆ ತಲೆ ಇಟ್ಟರು, ಅವರೇ ಮೊಳೆ ಹೊಡೆದ ಬೋರ್ಡಿನ ಕೆಳಗೆ. ನೋವು ಪಡಲಿಲ್ಲ ಎಂದು ಎಲ್ಲರೂ ಹೇಳಿದರು. ಹೌದು, ಪಡಲಿಲ್ಲ. ನೋವೆಲ್ಲ ಮನೆಯಲ್ಲಿ ಮಂಚದ ಮೇಲೆ ಕೂತು ಉಸಿರೆಳೆಯುತ್ತಿತ್ತು. ಉತ್ತರಕ್ರಿಯೆ, ಬೊಜ್ಜದ ಕೆಲಸಗಳೆಲ್ಲ ಮುಗಿದ ಮರುದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಮನೆಯ ಮೂಲೆಮೂಲೆಯಿಂದ ಗೆರಟೆಗಳನ್ನು ಹೆಕ್ಕಿ ಕಸದ ಗಾಡಿಗೆ ಹಾಕಿದ್ದು. ಕಿಟಕಿಗಳನ್ನು ತೆರೆದೆ. ಪರದೆಗಳನ್ನು ಒಗೆದೆ. ಒಗೆದ ನೀರು ಚಾದ ಬಣ್ಣಕ್ಕೆ ತಿರುಗಿತ್ತು. ಇನ್ನಾದರೂ ಅಮ್ಮನಿಗೆ ಒಳ್ಳೆಯ ಗಾಳಿ ಸಿಗಲಿ ಎಂಬ ಒಂದೇ ಆಸೆ ನನಗೆ. ಅಪ್ಪ ಹೋದ ದುಃಖದ ಅಡಿಯಲ್ಲಿ ಆ ಸಮಾಧಾನ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಈ ವರ್ಷ ಆಟಿ ತಿಂಗಳು, ಘಟ್ಟದ ಮೇಲಿನವರ ಆಷಾಢ, ಬಂತು. ನಮ್ಮಲ್ಲಿ ಆಟಿಯಲ್ಲಿ ತೀರಿಕೊಂಡವರಿಗೆ ಬಳಸುವ ಕ್ರಮವುಂಟು. ಬಳಸುವುದೆಂದರೆ ಅವರ ಹೆಸರಿನಲ್ಲಿ ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರುವುದು. ಅವರು ಬಂದು ಉಂಡು ಹೋಗುವ ತನಕ ಹೊರಗೆ ಮಾತಿಲ್ಲದೆ ಕಾಯಬೇಕು. ಒಳಗೆ ಒಂದು ಸದ್ದೂ ಇರಬಾರದು, ಸದ್ದಿದ್ದರೆ ಅವರು ಬರುವುದಿಲ್ಲವೆಂದು ನಂಬಿಕೆ. ಅಪ್ಪನಿಗೆ ಇದು ಮೊದಲ ಆಟಿ. ಕ್ರಮ ಹೇಳಿಕೊಡಲು ಅಪ್ಪನ ಅಕ್ಕ, ನನ್ನ ಅತ್ತೆ, ಬೆಳಿಗ್ಗೆಯೇ ಬಂದಿದ್ದರು.

ಕೋಳಿ ಸುಕ್ಕ ಆಯಿತು, ರೊಟ್ಟಿ ಆಯಿತು, ಒಣ ಸಿಗಡಿಯ ಚಟ್ನಿ ಆಯಿತು. ಕಿಟಕಿ ಬಳಿಯ ಕುರ್ಚಿಯ ಎದುರು ಎಲೆ ಹಾಕಿದೆವು. ಅತ್ತೆ ಎಲ್ಲವನ್ನೂ ಒಮ್ಮೆ ನೋಡಿ, “ಮುಖ್ಯದ್ದು ಎಲ್ಲಿ?” ಎಂದು ಕೇಳಿದರು.

ನನಗೆ ತಕ್ಷಣ ಅರ್ಥವಾಯಿತು. “ಅದು ಬೇಡ ಅತ್ತೆ. ಪ್ಯಾಕು ಹಾಗೇ ಇಡುವ, ಹೊತ್ತಿಸುದು ಬೇಡ.”

“ಹೊತ್ತಿಸದೆ ಇಟ್ರೆ ಅಕ್ಕಿ ಬೇಯಿಸದೆ ಬಡಿಸಿದ ಹಾಗೆ ಅಲ್ವಾ?”

“ಹಾಗಾದ್ರೆ ಎಲೆಯನ್ನೇ ಸಿಟೌಟಿಗೆ ಹಾಕುವ. ಅಲ್ಲಿ ಎಷ್ಟು ಬೇಕಾದ್ರೂ ಸೇದ್ಲಿ.”

ಅತ್ತೆ ಬಾಯಿ ಮೇಲೆ ಕೈ ಇಟ್ಟರು. ಹೊರಗೆ ಎಲೆ ಹಾಕುವುದು ಮನೆಮಠವಿಲ್ಲದೆ ಸತ್ತವರಿಗೆ, ದಿಕ್ಕಿಲ್ಲದವರಿಗೆ. ನನಗೂ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು. ಅಮ್ಮ ಮಂಚದಿಂದ ಎದ್ದು ಕೂತಳು. ಮೂಗಿನ ಕೊಳವೆ ಸರಿಪಡಿಸಿಕೊಂಡು, ನಡುನಡುವೆ ಉಸಿರೆಳೆದುಕೊಂಡು ಹೇಳಿದಳು, “ಒಮ್ಮೆ ಅವರನ್ನು ಮೆಟ್ಟಿಲಲ್ಲಿ ಕೂರಿಸಿದ್ದಿ. ಸಾಲದಾ ಮಗಾ?”

ಎಲೆಯನ್ನು ಇದ್ದಲ್ಲೇ ಬಿಟ್ಟೆ. ಅಮ್ಮ ತಲೆದಿಂಬಿನ ಚೀಲದೊಳಗೆ ಕೈ ಹಾಕಿ ಒಂದು ಗೆರಟೆಯನ್ನೂ ಅರ್ಧ ಖಾಲಿಯಾದ ಸಿಗರೇಟಿನ ಪ್ಯಾಕನ್ನೂ ಹೊರತೆಗೆದಳು. ಅಪ್ಪ ತೀರಿಕೊಂಡ ದಿನ ಅವರ ಅಂಗಿಯ ಕಿಸೆಯಲ್ಲಿದ್ದ ಪ್ಯಾಕು. ಒಂದು ವರ್ಷ ಅವಳು ಅದರ ಮೇಲೆ ತಲೆಯಿಟ್ಟು ಮಲಗಿದ್ದಳು. ನಾನು ಒಗೆದ ಪರದೆ, ತೆರೆದ ಕಿಟಕಿ ಎಲ್ಲ ವ್ಯರ್ಥ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಅವಳೇ ಕೈ ಚಾಚಿ ಯಂತ್ರದ ಸ್ವಿಚ್ಚು ಆರಿಸಿದಳು. ಹಾಲ್ ಒಮ್ಮೆಲೇ ನಿಶ್ಶಬ್ದವಾಯಿತು. “ಈ ಸದ್ದಿದ್ರೆ ಅವರು ಹೊಸಿಲು ಹತ್ತುದಿಲ್ಲ,” ಎಂದಳು. ಅಪ್ಪ ನನ್ನ ಹತ್ತಿರ ಹೇಳಿದ್ದನ್ನು ಅವಳ ಹತ್ತಿರವೂ ಹೇಳಿದ್ದರೋ, ಅವಳಿಗೇ ತಿಳಿದಿತ್ತೋ, ನಾನು ಕೇಳಲಿಲ್ಲ. ಯಂತ್ರವನ್ನೂ ಕೊಳವೆಯನ್ನೂ ದೂಡಿಕೊಂಡು ಹೋಗಿ ಬೆಡ್‌ರೂಮಿನಲ್ಲಿಟ್ಟು ಬಾಗಿಲು ಹಾಕಿ ಬಂದೆ.

ಸಿಗರೇಟು ಹೊತ್ತಿಕೊಳ್ಳಲಿಲ್ಲ. ವರ್ಷದ ಹಳತು, ಮೇಲೆ ಆಟಿಯ ಥಂಡಿ. ದೀಪಕ್ಕೆ ಹಿಡಿದರೆ ತುದಿ ಕಪ್ಪಾಗಿ ಕೂಡಲೇ ಆರುತ್ತಿತ್ತು. ಮತ್ತೆ ಮತ್ತೆ ಹಿಡಿದೆ. ಅತ್ತೆ ಹೇಳಿದರು, “ಬಾಯಲ್ಲಿಟ್ಟು ಎಳೆದ್ರೇ ಅದು ಹಿಡಿಯುದು. ಆದ್ರೆ ಎಂಜಲು ಆಗ್ತದಲ್ಲ ಮಾರಾಯ್ತಿ, ಬಳಸುವ ವಸ್ತು.”

“ನಾನು ಅವರು ಉಂಡ ಎಲೆಯಲ್ಲೇ ಉಂಡವಳು,” ಎಂದಳು ಅಮ್ಮ. “ನನಗೂ ಅವರಿಗೂ ಎಂಜಲು ಇಲ್ಲ. ಕೊಡು ಇಲ್ಲಿ.”

ನಾನು ತಡೆಯುವ ಮೊದಲೇ ಸಿಗರೇಟನ್ನು ತುಟಿಗಿಟ್ಟು ದೀಪಕ್ಕೆ ಬಾಗಿದಳು. ಎಳೆಯಲು ನೋಡಿದಳು. ಕುತ್ತಿಗೆಯ ನರಗಳು ಎದ್ದವು, ಕೆನ್ನೆ ಗುಳಿಬಿತ್ತು, ತುದಿಯಲ್ಲಿ ಕೆಂಪು ಕಾಣಲಿಲ್ಲ. ಇನ್ನೊಮ್ಮೆ ನೋಡಿದಳು. ಗಂಡನಿಗಾಗಿ ಒಂದು ಸಿಗರೇಟು ಹೊತ್ತಿಸುವಷ್ಟು ಉಸಿರೂ ಅವಳ ಎದೆಯಲ್ಲಿ ಉಳಿದಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂದದ್ದು ಹೊಗೆಯಿಂದಲ್ಲ.

ನಾನು ಅದನ್ನು ಅವಳ ತುಟಿಯಿಂದ ಕಿತ್ತುಕೊಂಡು ನನ್ನ ಬಾಯಿಗಿಟ್ಟೆ. ಅದರ ಬುಡ ಅಮ್ಮನ ಬಾಯಿಯ ಒದ್ದೆಗೆ ತಣ್ಣಗಿತ್ತು. ದೀಪಕ್ಕೆ ಹಿಡಿದು ಎಳೆದೆ. ನನ್ನ ಜನ್ಮದಲ್ಲಿ ಮೊದಲ ಸಲ. ಗಂಟಲು ಸುಟ್ಟಿತು, ಕೆಮ್ಮು ಬಂತು, ಬಾಯಿ ತುಂಬ ಅಪ್ಪನ ಅಂಗಿಯ ವಾಸನೆ ತುಂಬಿತು. ಸಣ್ಣವಳಿದ್ದಾಗ ಆ ಅಂಗಿಗೆ ಮುಖ ಒತ್ತಿ ಮಲಗುತ್ತಿದ್ದದ್ದು ನೆನಪಾಯಿತು. ಸಿಗರೇಟು ಚೆನ್ನಾಗಿ ಹೊತ್ತಿಕೊಂಡಿತು. ಗೆರಟೆಯ ಅಂಚಿನಲ್ಲಿಟ್ಟೆ. ಅತ್ತೆ ಬೇರೆ ಕಡೆ ನೋಡುತ್ತಾ, “ಆಯ್ತು, ಮಗಳಲ್ವಾ,” ಎಂದರು.

ಅಮ್ಮನನ್ನು ಮೈಗೆ ಆನಿಸಿಕೊಂಡು ಸಿಟೌಟಿಗೆ ಕರೆತಂದು, ಕೂರಲು ಕುರ್ಚಿ ಒಳಗೇ ಇದ್ದುದರಿಂದ ಮೆಟ್ಟಿಲ ಮೇಲೆ ಕೂರಿಸಿದೆ. ಹಿಂದೆ ಅಪ್ಪ ಕೂತಿದ್ದ ಅದೇ ಮೆಟ್ಟಿಲು. ಬಾಗಿಲು ಎಳೆದು ಚಿಲಕ ಹಾಕಿದೆ. ಮಳೆ ಹನಿಯುತ್ತಿತ್ತು. ಇರಚಲು ತಾಗದಂತೆ ಅತ್ತೆ ತಮ್ಮ ಸೆರಗನ್ನು ಅವಳ ತಲೆಯ ಮೇಲೆ ಹಿಡಿದರು. ಸೇದುವವರು ಹೊರಗೆ, ಉಸಿರು ಸಾಲದವರು ಒಳಗೆ, ಇಷ್ಟಕ್ಕಾಗಿ ನಾನು ಇಷ್ಟು ವರ್ಷ ಹೋರಾಡಿದ್ದೆ. ಈಗ ಅಪ್ಪ ಒಳಗಿದ್ದರು, ಅಮ್ಮ ಹೊರಗೆ ಮಳೆಯಲ್ಲಿ ಬಾಯಿ ತೆರೆದು ಗಾಳಿ ಹುಡುಕುತ್ತಿದ್ದಳು.

ಅವಳ ಭುಜ ಏರಿಳಿಯುವುದು ನೋಡನೋಡುತ್ತ ಹೆಚ್ಚಾಯಿತು. ತುಟಿಯ ಬಣ್ಣ ಬದಲಾಯಿತು. ಬಾಗಿಲ ಕೆಳಗಿನ ಸಂದಿನಿಂದ ಹೊಗೆಯ ವಾಸನೆ ತೆಳುವಾಗಿ ಹೊರಗೆ ಬಂತು. ಅಮ್ಮ ತಲೆಯೆತ್ತಿದಳು. ಅವಳಿಗೂ ಅದು ಸಿಕ್ಕಿತ್ತು. ಮುಖದಲ್ಲಿ ಒಂದು ಸಮಾಧಾನ ಮೂಡಿತು, ಎಷ್ಟೋ ದಿನಗಳಿಂದ ನಾನು ಕಾಣದ್ದು.

ನನ್ನಿಂದ ಇನ್ನು ತಡೆಯಲಾಗಲಿಲ್ಲ. “ಸಾಕು, ಯಂತ್ರ ಹಾಕ್ತೇನೆ,” ಎಂದು ಎದ್ದು ಚಿಲಕಕ್ಕೆ ಕೈ ಹಾಕಿದೆ.

ಅಮ್ಮ ನನ್ನ ಸೀರೆಯ ನೆರಿಗೆ ಹಿಡಿದು ಎಳೆದಳು. ಒಂದೊಂದು ಪದಕ್ಕೂ ಒಂದೊಂದು ಉಸಿರು ತೆಗೆದುಕೊಂಡು ಹೇಳಿದಳು, “ಅವಸರ ಮಾಡ್ಬೇಡ ಮಗಾ. ಅವರು ಸೇದಿ ಮುಗಿಸ್ಲಿ.”

ನಾನು ಚಿಲಕದಿಂದ ಕೈ ತೆಗೆದೆ.